ಲಾಲ್‌ಬಾಗ್ ಗಾಜಿನ ಮನೆಗೆ ಸುತ್ತ ಗೋಡೆ ಯಾಕಿಲ್ಲ? ಅದು ನಿಜಕ್ಕೂ ಹಸಿರುಮನೆಯೇ?

ಯುರೋಪಿನ ಅರ್ಥದಲ್ಲಿ ಅಲ್ಲ. ಅಲ್ಲಿ ಹಿಮದಿಂದ ಗಿಡ ಉಳಿಸಲು ನಾಲ್ಕೂ ಕಡೆ ಗಾಜು ಮುಚ್ಚಿ ಶಾಖವನ್ನು ಒಳಗೇ ಹಿಡಿದಿಡುತ್ತಾರೆ. ಬೆಂಗಳೂರಿನಲ್ಲಿ ಹಾಗೆ ಮುಚ್ಚಿದರೆ ಮಾರ್ಚ್ ಹೊತ್ತಿಗೆ ಒಳಗಿನ ಗಿಡ ಬೆಂದೇ ಹೋಗುತ್ತದೆ. ಅದಕ್ಕೇ ಇಲ್ಲಿ ಮೇಲೆ ಗಾಜು, ಕೆಳಗೆ ಬಯಲು. ಬದಿಯಿಂದ ಗಾಳಿ ಆಡುತ್ತಲೇ ಇರುತ್ತದೆ. ಬೆಳಕು ಬೇಕು, ಮಳೆ ಬೇಡ ಎನ್ನುವ ಫಲಪುಷ್ಪ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನನಗಂತೂ ತೋಚುವುದಿಲ್ಲ.

ಶಂಕುಸ್ಥಾಪನೆ 1889ರ ನವೆಂಬರ್ 30ರಂದು, ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಕೈಯಿಂದ. ಆಗ ತೋಟದ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜು-ಕಬ್ಬಿಣದ ಪ್ರದರ್ಶನ ಭವನ, ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದ ಸ್ಯಾರಸೆನ್ ಫೌಂಡ್ರಿಯಿಂದ. ಪೂರ್ವದ ಭಾಗ 1935ರಲ್ಲಿ, ತೋಟದ ಹೊಣೆ ಎಚ್.ಸಿ. ಜವರಾಯರ ಕೈಯಲ್ಲಿದ್ದಾಗ ಸೇರಿತು. ಅದರ ಉಕ್ಕು ನಮ್ಮ ಭದ್ರಾವತಿಯದು. ಎರಡನ್ನೂ ಒಂದೇ ಕಟ್ಟಡವೆಂದು ನೋಡಿ ಮುಂದೆ ಹೋಗುವವರೇ ಹೆಚ್ಚು, ಕಂಬಗಳನ್ನು ಹೋಲಿಸಿ ನೋಡಿ.

ಕಟ್ಟಡವನ್ನೇ ನೋಡಬೇಕೆಂದರೆ ಜನವರಿ, ಆಗಸ್ಟ್ ಪ್ರದರ್ಶನದ ದಿನಗಳನ್ನು ಬಿಡಿ. ಹೂವಿನ ರಚನೆಗಳೂ ಜನಜಂಗುಳಿಯೂ ಸೇರಿ ಕಬ್ಬಿಣದ ಕೆಲಸವೇ ಕಾಣುವುದಿಲ್ಲ. ಸಾಮಾನ್ಯ ದಿನ ಬೆಳಿಗ್ಗೆ ಬೇಗ ಹೋಗಿ. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೊದಲ್ಲಿ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಒಳಗೆ ನಡುವೆ ನಿಂತು ಕತ್ತೆತ್ತಿ, ಕಮಾನುಗಳು ಮೇಲೆ ಕೂಡುವ ಜಾಗದಿಂದ ನೋಡುತ್ತಾ ಬನ್ನಿ.