ಒಂದು ಸ್ವಿಚ್ ಒತ್ತಿದರೆ ಆಯ್ತಾ, ಮೇಷ್ಟ್ರೇ?

ಮುಳಬಾಗಿಲು ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: "ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸಾಪ್‌ನಲ್ಲಿ ಆಡಿಯೊ ಬಂತು. ಸಂಜೆ ಬೆಡ್‌ಶೀಟ್ ಮಾರೋನನ್ನು ಹುಡುಗರು ಅರಳಿಕಟ್ಟೆ ಹತ್ತಿರ ಸುತ್ತುಗಟ್ಟಿದ್ದರು. ನಾನು ಅಡ್ಡ ನಿಂತು ಬಿಡಿಸಿದೆ. ಸರ್ಕಾರ ಒಂದು ಸ್ವಿಚ್ ಒತ್ತಿ ಇದನ್ನೆಲ್ಲ ನಿಲ್ಲಿಸಬಾರದೇ? ಪತ್ರಿಕೆಯವರು ನೀವ್ಯಾಕೆ ಸೆನ್ಸಾರ್ ಅಂದ ಕೂಡಲೇ ಕೂಗಾಡುತ್ತೀರಿ?"

ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಇಂಥದ್ದೇ ವದಂತಿ ನಂಬಿ ಜನ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಅವನಿಗೆ ಅಡ್ಡ ನಿಲ್ಲಲು ನಿಮ್ಮಂಥವರು ಸಿಗಲಿಲ್ಲ.

ಆದರೆ ನೀವು ಹೇಳುವ ಸ್ವಿಚ್ ಎಂಥದ್ದು ನೋಡಿ. ವಾಟ್ಸಾಪ್ ಸಂದೇಶ ಬೀಗ ಹಾಕಿಕೊಂಡೇ ಹೋಗುತ್ತದೆ. ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ತೆರೆಯುತ್ತದೆ. ಆ ಒಂದು ಆಡಿಯೊ ಹುಡುಕಿ ತಡೆಯಲು ಸರ್ಕಾರಕ್ಕೆ ಆಗುವುದಿಲ್ಲ. ಆಗುವುದು ಇಡೀ ಜಿಲ್ಲೆಯ ನೆಟ್ ತೆಗೆಯುವುದು.

ಅದು ಹೇಗಿರುತ್ತದೆ ಅಂತ ಕೋಲಾರದ ಟೊಮೆಟೊ ಮಾರ್ಕೆಟ್‌ನಲ್ಲಿ ನಾನೇ ನೋಡಿದ್ದೇನೆ. ಒಂದು ದಿನ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ಅರ್ಧ ದಿನ ನೆಟ್ ಇರಲಿಲ್ಲ. ಹರಾಜು ಮುಗಿದಿತ್ತು, ದುಡ್ಡು ಬರಲಿಲ್ಲ. ಬೇರೆ ಊರಿನ ರೇಟು ಗೊತ್ತಾಗದೆ ವ್ಯಾಪಾರಿಗಳು ಮುಂದಿನ ಲಾಟ್ ಕೂಗಲಿಲ್ಲ. ಒಬ್ಬ ರೈತ ಮಂಡಿ ಚೀಟಿ ಕೈಯಲ್ಲಿ ಹಿಡಿದು, ಫೋನ್ ಮೇಲೆತ್ತಿ ಎತ್ತಿ ನೋಡುತ್ತಿದ್ದ. ಟೆಂಪೊ ಬಾಡಿಗೆ ಕೊಡಬೇಕಿತ್ತು ಪಾಪ. ಅದು ಬರೀ ಅರ್ಧ ದಿನ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಸರ್ಕಾರ ತೆಗೆದ 4ಜಿ ಪೂರ್ತಿ ವಾಪಸ್ ಬಂದದ್ದು 2021ರ ಫೆಬ್ರುವರಿಯಲ್ಲಿ.

ಇಷ್ಟು ಮಾಡಿದರೂ ಸುಳ್ಳು ನಿಲ್ಲುತ್ತದಾ? 2020ರ ಜೂನ್‌ನಲ್ಲಿ ಟಿಕ್‌ಟಾಕ್ ಸೇರಿ 59 ಆ್ಯಪ್ ನಿಷೇಧಿಸಿದರು. ಮರುತಿಂಗಳೇ ರೀಲ್ಸ್ ಬಂತು, ಅದೇ ಹುಡುಗರು ಅಲ್ಲಿ ಕುಣಿದರು.

ನಾವು ಕೂಗಾಡುವುದು ಯಾಕೆ ಅಂತ ಕೇಳಿದಿರಲ್ಲ. ತಡೆಯಲೇಬಾರದು ಅಂತ ನಾನು ಹೇಳುವುದಿಲ್ಲ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ಎ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಗಳಿಗೆ ನೆಟ್‌ನಲ್ಲಿರುವ ಪೋಸ್ಟ್, ವಿಡಿಯೊಗಳನ್ನು ಸರ್ಕಾರ ತಡೆಯಬಹುದು. ನೆಟ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದವರನ್ನು ಜೈಲಿಗೆ ಹಾಕಬಹುದಾಗಿದ್ದ 66ಎ ಸೆಕ್ಷನ್ ಅನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದಾಗಲೂ 69ಎ ಅನ್ನು ಉಳಿಸಿತು. ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕಲ್ಲ, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದಿತು. ಆದರೆ 69ಎ ಜಾರಿಗೆ ಮಾಡಿದ 2009ರ ನಿಯಮಗಳಲ್ಲೇ ದೂರು, ಆದೇಶ ಎಲ್ಲ ಗುಟ್ಟಾಗಿರಬೇಕು ಅಂತ ಒಂದು ನಿಯಮ ಇದೆ. ಕಾಣದ ಆದೇಶವನ್ನು ಯಾರು ಪ್ರಶ್ನಿಸುತ್ತಾರೆ? ನನ್ನ ಸಿಟ್ಟೆಲ್ಲ ಇದರ ಮೇಲೆ. ನಾಳೆ ನಿಮ್ಮೂರ ಕೆರೆ ಒತ್ತುವರಿಯ ವಿಡಿಯೊ ಮಾಯವಾದರೂ ಯಾಕೆ ಅಂತ ನಿಮಗೆ ಗೊತ್ತಾಗದೇ ಹೋಗಬಹುದು. 2020ರ ಜನವರಿಯಲ್ಲಿ ಕಾಶ್ಮೀರದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ನೆಟ್ ನಿಲ್ಲಿಸುವ ಆದೇಶವನ್ನು ಪ್ರಕಟಿಸಲೇಬೇಕು ಅಂತ ಹೇಳಿತು. ಒಂದು ಪೋಸ್ಟ್ ತೆಗೆಸುವಾಗಲೂ ಅದೇ ಆಗಲಿ ಅಂತ ನಾನು ಕೇಳುತ್ತಿದ್ದೇನೆ.

ನಿಮ್ಮ ಮುಳಬಾಗಿಲಲ್ಲೇ ಹುಟ್ಟಿದ ಡಿವಿಜಿ ಹರೆಯದಲ್ಲಿದ್ದಾಗ, 1908ರಲ್ಲಿ, ಮೈಸೂರು ಸರ್ಕಾರ ಪತ್ರಿಕಾ ಕಾಯ್ದೆ ತಂದಿತು. ಅದನ್ನು ಪ್ರತಿಭಟಿಸಿ ಮೈಸೂರಿನ ಪತ್ರಕರ್ತ ತಾತಯ್ಯನವರು (ಎಂ. ವೆಂಕಟಕೃಷ್ಣಯ್ಯ) ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕೆಟ್ಟ ಕಾಯ್ದೆಯೇ ಅದು. ಆದರೂ ಯಾವ ಪತ್ರಿಕೆ ನಿಂತಿತು, ಯಾಕೆ ನಿಂತಿತು ಅನ್ನೋದು ಓದುಗರಿಗೆ ಗೊತ್ತಿತ್ತು. ಈಗ ಅಷ್ಟೂ ಇಲ್ಲ.

ಆಡಿಯೊ ವಿಷಯಕ್ಕೆ ಬರ್ತೀನಿ. ಮತ್ತೆ ಅಂಥದ್ದು ಬಂದರೆ ಯಾರಿಗೂ ಕಳಿಸಬೇಡಿ, ಜನ ಸೇರಿದರೆ 112ಕ್ಕೆ ಫೋನ್ ಮಾಡಿ. ಆಮೇಲೆ ಒಂದು ಕೋರಿಕೆ. ಆ ಬೆಡ್‌ಶೀಟ್ ವ್ಯಾಪಾರಿಯನ್ನು ಹುಡುಗರ ಕೈಯಿಂದ ಹೇಗೆ ಬಿಡಿಸಿದಿರಿ, ಅವರಿಗೆ ಏನು ಹೇಳಿದಿರಿ, ಪೂರ್ತಿ ಬರೆದು ಕಳಿಸಿ. ಎರಡು ಪುಟ ಆದರೂ ಪರವಾಗಿಲ್ಲ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ