ನೋಡ್.ಜೆಎಸ್ ಸೇವೆಗಳಿಗೆ ಟ್ರೇಸಿಂಗ್: ಎಳೆ ಎಲ್ಲೆಲ್ಲಿ ತುಂಡಾಗುತ್ತದೆ ಎಂಬುದನ್ನು ಮೊದಲು ನೋಡಿ

ಮಲ್ಪೆಯ ಮೀನು ವ್ಯಾಪಾರಿಗಳು ಐಸ್ ಮತ್ತು ಲಾರಿ ಕಾಯ್ದಿರಿಸುವ ಆ್ಯಪ್ ನಿಮ್ಮದು. ಅದರ ಹಿಂದೆ ಐದು ನೋಡ್.ಜೆಎಸ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಸೇವೆಗಳಿವೆ, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ, ನಡುವೆ ಸೇವೆಗಳ ಸಂದೇಶಗಳನ್ನು ಕ್ಯೂನಲ್ಲಿ (ಸಾಲಿನಲ್ಲಿ) ಇಟ್ಟು ದಾಟಿಸುವ ರ‍್ಯಾಬಿಟ್‌ಎಂಕ್ಯೂ ಇದೆ. ಬೆಳಗಿನ ಜಾವ ಬೋಟುಗಳು ಬಂದರಿಗೆ ಬರುವ ಹೊತ್ತಿನಲ್ಲಿ ಕೆಲವು ಬುಕಿಂಗ್‌ಗಳು ಎಂಟು ಸೆಕೆಂಡ್ ಹಿಡಿಯುತ್ತವೆ. ಯಾವ ಸೇವೆಯ ಲಾಗ್ ತೆರೆದರೂ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಟ್ರೇಸಿಂಗ್ (ಒಂದು ಬುಕಿಂಗ್ ಎಲ್ಲ ಸೇವೆಗಳನ್ನು ದಾಟುವ ದಾರಿ ಮತ್ತು ಸಮಯವನ್ನು ದಾಖಲಿಸುವುದು) ಹಾಕಿದರೆ ಕಾರಣ ಗೊತ್ತಾಗುತ್ತದೆಯೇ, ಹಾಕುವುದಾದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ.

ಗೊತ್ತಾಗುತ್ತದೆ. ಲಾಗ್‌ನಲ್ಲಿ ಕಾಣದಿರುವುದಕ್ಕೂ ಕಾರಣವಿದೆ. ಪ್ರತಿಯೊಂದು ಸೇವೆಯೂ ಕೆಲಸ ತನ್ನ ಕೈಗೆ ಬಂದ ಮೇಲಿನ ಸಮಯವನ್ನಷ್ಟೇ ಬರೆದುಕೊಳ್ಳುತ್ತದೆ. ಸಂದೇಶ ಕ್ಯೂನಲ್ಲಿ ಕಾದು ಕುಳಿತ ಹೊತ್ತು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕ್ವೆರಿ ಓಡಿದ ಸಮಯ ಲಾಗ್‌ನಲ್ಲಿರುತ್ತದೆ, ಅದಕ್ಕೂ ಮೊದಲು ಡೇಟಾಬೇಸ್ ಸಂಪರ್ಕ ಸಿಗಲೆಂದು ಕಾದದ್ದು ಇರುವುದಿಲ್ಲ. ಲಾರಿ ಸರಕಿನ ಜೊತೆ ಬಿಲ್ಟಿ ಹೋಗುವ ಹಾಗೆ ಪ್ರತಿ ಬುಕಿಂಗ್‌ನ ಜೊತೆ ಒಂದೇ ಸಂಖ್ಯೆ ಕೊನೆಯವರೆಗೆ ಹೋದರೆ ಮಾತ್ರ ಈ ಕಾಯುವಿಕೆ ಬಯಲಾಗುತ್ತದೆ; ನಾನು ಎಳೆ ಎನ್ನುವುದು ಇದನ್ನೇ.

ಮಂಗಳೂರಿನಲ್ಲಿ ನಾನು ಮಾಡುವುದೂ ಇಂಥದೇ ಕೆಲಸ. ಅದರಿಂದ ಖಚಿತವಾಗಿ ಹೇಳಬಲ್ಲೆ: ಪ್ಯಾಕೇಜ್ ಹಾಕುವುದು ಸುಲಭ, ಆ ಸಂಖ್ಯೆ ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ನಿಮ್ಮ ಶ್ರಮವೆಲ್ಲ ಅಲ್ಲಿಗೆ ಹೋಗಲಿ.

ಪ್ಯಾಕೇಜ್ ವಿಚಾರ ಬೇಗ ಮುಗಿಸುತ್ತೇನೆ. ಟ್ರೇಸ್ (ಒಂದು ಬುಕಿಂಗ್‌ನ ಪೂರ್ಣ ದಾಖಲೆ) ಸಂಗ್ರಹಿಸಲು ಓಪನ್‌ಟೆಲಿಮೆಟ್ರಿಯನ್ನೇ ಬಳಸಿ. ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಎಂಬ ಎರಡು ಯೋಜನೆಗಳು 2019ರಲ್ಲಿ ಒಂದಾಗಿ ಹುಟ್ಟಿದ್ದು ಇದು. ನಾಳೆ ಟ್ರೇಸ್ ನೋಡುವ ಸಾಧನವನ್ನು ಬದಲಿಸಿದರೂ ನಿಮ್ಮ ಕೋಡ್ ಬದಲಾಗಬೇಕಿಲ್ಲ ಎಂಬುದೇ ಇದನ್ನು ಆರಿಸಲು ಸಾಕಾದ ಕಾರಣ. ಅದರ ನೋಡ್ ಎಸ್‌ಡಿಕೆ ಮತ್ತು ಸ್ವಯಂಚಾಲಿತ ಇನ್‌ಸ್ಟ್ರುಮೆಂಟೇಷನ್ ಪ್ಯಾಕೇಜ್ (ಲೈಬ್ರರಿಗಳ ಕೆಲಸವನ್ನು ತಾನೇ ದಾಖಲಿಸುವಂಥದ್ದು) ಸೇರಿಸಿ, ಎರಡನ್ನೂ ಶುರು ಮಾಡುವ ಸಣ್ಣ ಕಡತವೊಂದನ್ನು ಬರೆಯಿರಿ. ಪ್ರತಿ ಸೇವೆಗೂ ಬೇರೆ ಹೆಸರು ಕೊಡಿ. ಟ್ರೇಸ್‌ಗಳನ್ನು ನೋಡುವುದಕ್ಕೆ ಯೇಗರ್ ಎಂಬ ಸಾಧನ ಸಾಕು. ಎಲ್ಲವೂ ಒಂದರಲ್ಲೇ ಇರುವ ಅದರ ಡಾಕರ್ ಇಮೇಜ್ 4318ನೆಯ ಪೋರ್ಟ್‌ನಲ್ಲಿ ಎಚ್‌ಟಿಟಿಪಿ ಮೂಲಕ ಟ್ರೇಸ್ ಸ್ವೀಕರಿಸುತ್ತದೆ, 16686ರಲ್ಲಿ ತೋರಿಸುತ್ತದೆ. ಅದು ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುವುದರಿಂದ ಮರುಪ್ರಾರಂಭಿಸಿದರೆ ಹಳೆಯದೆಲ್ಲ ಹೋಗುತ್ತದೆ. ಪ್ರಯೋಗದ ಹಂತಕ್ಕೆ ಅದು ತೊಂದರೆಯಲ್ಲ.

ಎಳೆ ತುಂಡಾಗುವ ಮೊದಲ ಜಾಗ ಇಲ್ಲೇ ಇದೆ. ಆ ಸಣ್ಣ ಕಡತ ಉಳಿದೆಲ್ಲ ಮಾಡ್ಯೂಲ್‌ಗಳಿಗಿಂತ ಮೊದಲೇ ಲೋಡ್ ಆಗಬೇಕು. ಎಕ್ಸ್‌ಪ್ರೆಸ್, ಪೋಸ್ಟ್‌ಗ್ರೆಸ್ ಮುಂತಾದ ಲೈಬ್ರರಿಗಳು ಲೋಡ್ ಆಗುವ ಕ್ಷಣದಲ್ಲೇ ಓಪನ್‌ಟೆಲಿಮೆಟ್ರಿ ಅವುಗಳಿಗೆ ತನ್ನ ಹೊದಿಕೆ ಹಾಕುತ್ತದೆ. ತಡವಾಗಿ ಬಂದರೆ ಯಾವ ದೋಷವನ್ನೂ ತೋರಿಸದೆ ಸುಮ್ಮನಿರುತ್ತದೆ. ಆದ್ದರಿಂದ ಅದನ್ನು ಮುಖ್ಯ ಕಡತದೊಳಗೆ ಸೇರಿಸದೆ, ನೋಡ್ ಪ್ರಾರಂಭಿಸುವ ಆಜ್ಞೆಯಲ್ಲೇ ರಿಕ್ವೈರ್ ಆಯ್ಕೆಯಾಗಿ ಕೊಡಿ. ನಿಮ್ಮದು ಇಎಸ್ ಮಾಡ್ಯೂಲ್ ಆದರೆ ಇಂಪೋರ್ಟ್ ಆಯ್ಕೆ ಬೇಕು, ಜೊತೆಗೆ ಓಪನ್‌ಟೆಲಿಮೆಟ್ರಿಯ ಲೋಡರ್ ಹುಕ್ ಕೂಡ ಬೇಕು. ಇಎಸ್‌ಬಿಲ್ಡ್ ಅಥವಾ ವೆಬ್‌ಪ್ಯಾಕ್‌ನಿಂದ ಎಲ್ಲವನ್ನೂ ಒಂದೇ ಕಡತಕ್ಕೆ ಕಟ್ಟುತ್ತಿದ್ದರೆ ಆ ಲೈಬ್ರರಿಗಳನ್ನು ಹೊರಗಿಡಿ, ಇಲ್ಲದಿದ್ದರೆ ಹೊದಿಕೆ ಹಾಕಲು ಅದಕ್ಕೆ ಏನೂ ಸಿಗುವುದಿಲ್ಲ.

ಎರಡನೆಯದು ಸೇವೆಯಿಂದ ಸೇವೆಗೆ ಹೋಗುವ ಜಾಗ. ಸಂಖ್ಯೆ ದಾಟುವುದು ಟ್ರೇಸ್‌ಪೇರೆಂಟ್ ಎಂಬ ಎಚ್‌ಟಿಟಿಪಿ ಹೆಡರ್‌ನಲ್ಲಿ. ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ನಿಗದಿಪಡಿಸಿದ ಈ ಹೆಡರ್‌ನಲ್ಲಿ ಆವೃತ್ತಿ, 32 ಹೆಕ್ಸ್ ಅಂಕಿಗಳ ಟ್ರೇಸ್ ಐಡಿ, 16 ಅಂಕಿಗಳ ಸ್ಪ್ಯಾನ್ (ಟ್ರೇಸ್‌ನೊಳಗಿನ ಒಂದು ಹಂತದ ಕೆಲಸ) ಐಡಿ, ಕೊನೆಗೆ ಫ್ಲ್ಯಾಗ್ ಇರುತ್ತವೆ. ದಾರಿಯ ನಡುವಿನ ಒಂದು ಸೇವೆಗೆ ಟ್ರೇಸಿಂಗ್ ಹಾಕದಿದ್ದರೆ ಅದು ಈ ಹೆಡರನ್ನು ಮುಂದೆ ಕಳುಹಿಸುವುದಿಲ್ಲ. ಹಾಗಾಗಿ ಯಾವುದೋ ಎರಡು ಸೇವೆಗಳಿಂದ ಆರಂಭಿಸಬೇಡಿ. ಒಂದು ಬುಕಿಂಗ್ ಹೋಗುವ ದಾರಿಯನ್ನು ಹಿಡಿದು, ಬಾಗಿಲಿನಿಂದ ಒಳಕ್ಕೆ ಒಂದೊಂದಾಗಿ ಹಾಕುತ್ತಾ ಹೋಗಿ.

ಮೂರನೆಯದು ರ‍್ಯಾಬಿಟ್‌ಎಂಕ್ಯೂ. ನಿಮ್ಮ ಸಂದರ್ಭದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಇಲ್ಲಿ. ಎಎಂಕ್ಯೂಪಿಲಿಬ್ ಎಂಬ ಲೈಬ್ರರಿ ಬಳಸುತ್ತಿದ್ದರೆ ಸಂದೇಶದ ಹೆಡರ್‌ಗೆ ಸಂಖ್ಯೆ ಸೇರಿಸುವುದು, ಆ ಕಡೆ ತೆಗೆದುಕೊಳ್ಳುವುದು ಎರಡೂ ತಾನಾಗಿಯೇ ಆಗುತ್ತವೆ. ಆದರೆ ಬಹಳಷ್ಟು ತಂಡಗಳು ಸಂದೇಶವನ್ನು ನೇರವಾಗಿ ಕಳುಹಿಸುವುದಿಲ್ಲ; ಮೊದಲು ಡೇಟಾಬೇಸ್‌ನ ಟೇಬಲ್ ಒಂದರಲ್ಲಿ ಬರೆದಿಟ್ಟು, ಬೇರೊಂದು ಪ್ರಕ್ರಿಯೆ ಅದನ್ನು ಓದಿ ಕಳುಹಿಸುವಂತೆ ಮಾಡಿರುತ್ತಾರೆ. ಅಲ್ಲಿ ಎಳೆ ತುಂಡಾಗುತ್ತದೆ. ಪರಿಹಾರ ಸರಳ: ಆ ಟೇಬಲ್‌ಗೆ ಟ್ರೇಸ್‌ಪೇರೆಂಟ್‌ಗಾಗಿ ಒಂದು ಕಾಲಂ ಸೇರಿಸಿ, ಬರೆಯುವಾಗ ತುಂಬಿಸಿ, ಕಳುಹಿಸುವಾಗ ಅದನ್ನೇ ಕಾಂಟೆಕ್ಸ್ಟ್ (ಯಾವ ಟ್ರೇಸ್‌ಗೆ ಸೇರಿದ್ದೆಂಬ ಗುರುತು) ಆಗಿ ಇಟ್ಟುಕೊಂಡು ಸ್ಪ್ಯಾನ್ ತೆರೆಯಿರಿ. ಹತ್ತಾರು ಬುಕಿಂಗ್‌ಗಳನ್ನು ಒಟ್ಟಿಗೆ ಎತ್ತಿಕೊಂಡು ಲಾರಿ ಹಂಚುವ ಕೆಲಸವಿದ್ದರೆ ಅದಕ್ಕೆ ಒಂದೇ ಪೇರೆಂಟ್ (ಹಿಂದಿನ ಸ್ಪ್ಯಾನ್) ತೋರಿಸಲಾಗುವುದಿಲ್ಲ. ಅಂಥ ಕಡೆ ಹಲವು ಟ್ರೇಸ್‌ಗಳಿಗೆ ಕೊಂಡಿ ಹಾಕುವ ಸ್ಪ್ಯಾನ್ ಲಿಂಕ್‌ಗಳನ್ನು ಬಳಸಿ.

ಒಂದೇ ಪ್ರಕ್ರಿಯೆಯ ಒಳಗೂ ಎಳೆ ಜಾರುವುದುಂಟು. ನೋಡ್‌ನಲ್ಲಿ ಕಾಂಟೆಕ್ಸ್ಟ್ ಉಳಿಯುವುದು ಅಸಿಂಕ್‌ಲೋಕಲ್‌ಸ್ಟೋರೇಜ್ ಮೂಲಕ, ಅವೇಟ್ ದಾಟಿಯೂ ಅದು ಜೊತೆಗೇ ಬರುತ್ತದೆ. ನೀವೇ ಬರೆದ ಮೆಮೊರಿಯೊಳಗಿನ ಕ್ಯೂ ಅಥವಾ ಹಳೆಯ ಕಾಲ್‌ಬ್ಯಾಕ್ ಲೈಬ್ರರಿ ಇದ್ದರೆ ಒಬ್ಬರ ಬುಕಿಂಗ್‌ನ ಸ್ಪ್ಯಾನ್ ಇನ್ನೊಬ್ಬರ ಟ್ರೇಸ್‌ನೊಳಗೆ ಸೇರಿಕೊಳ್ಳಬಹುದು. ಕಾಣೆಯಾಗುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ನೋಡಿದವರು ಅದನ್ನು ನಂಬುತ್ತಾರೆ. ಕೆಲಸವನ್ನು ಕ್ಯೂಗೆ ಹಾಕುವ ಹೊತ್ತಿನಲ್ಲೇ ಆ ಫಂಕ್ಷನ್ನನ್ನು ಅಸಿಂಕ್‌ರಿಸೋರ್ಸ್‌ನ ಬೈಂಡ್‌ನಿಂದ ಕಟ್ಟಿಬಿಡಿ.

ಇನ್ನು ನಿಮ್ಮ ಎಂಟು ಸೆಕೆಂಡ್. ಟ್ರೇಸ್ ಬಂದ ಮೇಲೆ ಉದ್ದದ ಪಟ್ಟಿಗಳಿಗಿಂತ ಖಾಲಿ ಜಾಗಗಳನ್ನು ನೋಡಿ. ಪೋಸ್ಟ್‌ಗ್ರೆಸ್ ಪೂಲ್‌ನ (ತೆರೆದಿಟ್ಟ ಸಂಪರ್ಕಗಳ ಗುಂಪಿನ) ಕನೆಕ್ಟ್ ಸ್ಪ್ಯಾನ್ ಉದ್ದವಾಗಿ, ಅದರ ನಂತರದ ಕ್ವೆರಿ ಚಿಕ್ಕದಾಗಿದ್ದರೆ ಸಂಪರ್ಕಗಳು ಸಾಲುತ್ತಿಲ್ಲ. ನೀವು ಬದಲಿಸದಿದ್ದರೆ ಆ ಪೂಲ್‌ನ ಮಿತಿ 10 ಮಾತ್ರ. ಸಂದೇಶ ಕಳುಹಿಸಿದ ಸ್ಪ್ಯಾನ್‌ಗೂ ಅದನ್ನು ಎತ್ತಿಕೊಂಡ ಸ್ಪ್ಯಾನ್‌ಗೂ ನಡುವೆ ಅಂತರವಿದ್ದರೆ ಅದು ಕ್ಯೂನಲ್ಲಿ ಕಾದ ಸಮಯ. ಈ ಅಂತರವನ್ನು ನಂಬಬೇಕಾದರೆ ಎರಡೂ ಯಂತ್ರಗಳ ಗಡಿಯಾರ ಒಂದೇ ಆಗಿರಬೇಕು, ಎನ್‌ಟಿಪಿ ಓಡುತ್ತಿದೆಯೇ ಎಂದು ನೋಡಿಕೊಳ್ಳಿ. ಒಂದೇ ಸೇವೆಯೊಳಗೆ ಯಾವ ಸ್ಪ್ಯಾನೂ ಇಲ್ಲದೆ ಸಮಯ ಹೋಗಿದ್ದರೆ ಇವೆಂಟ್ ಲೂಪ್ (ನೋಡ್ ಕೆಲಸಗಳನ್ನು ಸರದಿಯಂತೆ ನಡೆಸುವ ಚಕ್ರ) ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಅದನ್ನು ಟ್ರೇಸ್ ನೇರವಾಗಿ ಹೇಳುವುದಿಲ್ಲ. ನೋಡ್‌ನದೇ ಮಾಡ್ಯೂಲ್ ಆದ ಪರ್ಫ್‌ಹುಕ್ಸ್‌ನಲ್ಲಿರುವ ಇವೆಂಟ್ ಲೂಪ್ ವಿಳಂಬದ ಅಳತೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಸ್ಯಾಂಪ್ಲಿಂಗ್ ಬಗ್ಗೆ ಅವಸರ ಬೇಡ. ಆರಂಭದಲ್ಲಿ ಎಲ್ಲ ಟ್ರೇಸ್‌ಗಳನ್ನೂ ಇಟ್ಟುಕೊಳ್ಳಿ. ಶೇ. 10ರಷ್ಟನ್ನು ಮಾತ್ರ ಉಳಿಸುವ ವ್ಯವಸ್ಥೆ ಮಾಡಿದರೆ ನಿಮಗೆ ಬೇಕಾದ ನಿಧಾನದ ಬುಕಿಂಗ್‌ಗಳಲ್ಲೂ ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಮುಂದೆ ಹೊರೆ ಹೆಚ್ಚಾದರೆ ಓಪನ್‌ಟೆಲಿಮೆಟ್ರಿ ಕಲೆಕ್ಟರ್ (ಟ್ರೇಸ್‌ಗಳನ್ನು ನಡುವೆ ಸಂಗ್ರಹಿಸುವ ಸೇವೆ) ಇಟ್ಟು, ಟ್ರೇಸ್ ಪೂರ್ತಿ ಬಂದ ಮೇಲೆ ನಿರ್ಧರಿಸುವ ಟೇಲ್ ಸ್ಯಾಂಪ್ಲಿಂಗ್ ಮಾಡಿ: ತಪ್ಪಾದದ್ದು, ನಿಧಾನವಾದದ್ದು ಎಲ್ಲ ಉಳಿಯಲಿ, ಉಳಿದವುಗಳಲ್ಲಿ ಸ್ವಲ್ಪ ಸಾಕು. ಸೇವೆ ನಿಲ್ಲುವಾಗ ಎಸ್‌ಡಿಕೆಯ ಶಟ್‌ಡೌನ್ ಕರೆಯುವುದನ್ನು ಮರೆಯಬೇಡಿ. ಸ್ಪ್ಯಾನ್‌ಗಳು ಸಾಮಾನ್ಯವಾಗಿ 5 ಸೆಕೆಂಡ್‌ಗೊಮ್ಮೆ ಗುಂಪಾಗಿ ಹೋಗುತ್ತವೆ, ಥಟ್ಟನೆ ನಿಂತರೆ ಕೊನೆಯ ಗುಂಪು ತಲುಪುವುದಿಲ್ಲ.

ಒಂದು ವಿಷಯದಲ್ಲಿ ನನಗೆ ರಾಜಿ ಇಲ್ಲ. ವ್ಯಾಪಾರಿಗಳ ಮೊಬೈಲ್ ಸಂಖ್ಯೆ, ಯುಪಿಐ ಐಡಿ ಟ್ರೇಸ್‌ನೊಳಗೆ ಹೋಗಬಾರದು. ಯುಆರ್‌ಎಲ್‌ನಲ್ಲಿ ಮೊಬೈಲ್ ಸಂಖ್ಯೆ ಇದ್ದರೆ ಅದು ತಾನಾಗಿಯೇ ದಾಖಲಾಗುತ್ತದೆ, ಮೊದಲು ಅದನ್ನು ಸರಿಪಡಿಸಿ. ನಂಬಿ ಕೊಟ್ಟ ಮಾಹಿತಿ ಅದು, ತಂಡದವರೆಲ್ಲ ತೆರೆದು ನೋಡುವ ಪರದೆಯಲ್ಲಿ ಇರಬೇಕಾದದ್ದಲ್ಲ.

ಯಾವಾಗ ಹಾಕಲಿ ಎಂದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಅವಧಿ ಒಳ್ಳೆಯದು; ಬುಕಿಂಗ್ ಕಡಿಮೆ, ಬದಲಾವಣೆಗೆ ಹೆದರಬೇಕಿಲ್ಲ. ಆದರೆ ಆಗ ನಿಧಾನವೂ ಕಾಣಿಸದು. ಆದ್ದರಿಂದ ಪರೀಕ್ಷಾ ಪರಿಸರದಲ್ಲಿ ಬೆಳಗಿನ ಜಾವದ ಹೊರೆಯನ್ನು ಹೊರೆ-ಪರೀಕ್ಷೆಯ ಸಾಧನಗಳಾದ ಕೆ6 ಅಥವಾ ಆಟೋಕ್ಯಾನನ್‌ನಿಂದ ನೀವೇ ಹಾಕಿ. ಅದಕ್ಕೂ ಮೊದಲು ಒಂದೇ ಒಂದು ಬುಕಿಂಗ್ ಕಳುಹಿಸಿ, ಯೇಗರ್‌ನಲ್ಲಿ ಒಂದೇ ಟ್ರೇಸ್‌ನೊಳಗೆ ಐದೂ ಸೇವೆಗಳ ಹೆಸರು ಕಾಣುತ್ತದೆಯೇ ನೋಡಿ. ನಾಲ್ಕೇ ಕಂಡರೆ ಯಾವುದು ಇಲ್ಲ ಎಂದು ಇಲ್ಲಿ ಬರೆಯಿರಿ, ಸಂದೇಶ ಕಳುಹಿಸುವ ಭಾಗದ ಕೋಡನ್ನೂ ಜೊತೆಗೆ ಹಾಕಿದರೆ ನೋಡಿ ಹೇಳುತ್ತೇನೆ.