ಮೇಲ್ ಫಿಲ್ಟರ್‌ನಲ್ಲಿ ಕ್ಲೋಸ್-ವೇಟ್ ಸ್ಥಿತಿಯ ಕನೆಕ್ಷನ್‌ಗಳು ತುಂಬಿಕೊಳ್ಳುತ್ತಿವೆ: ಓಪನ್ ಫೈಲ್‌ಗಳ ಲಿಮಿಟ್ ಏರಿಸಲೇ, ದಿನಾ ರೀಸ್ಟಾರ್ಟ್ ಮಾಡಲೇ?

ಎರಡೂ ಬೇಡ. ಕಾಸರಗೋಡಿನ ಒಂದು ಸಹಕಾರಿ ಸಂಘದ ಸರ್ವರ್ ನೋಡಿಕೊಳ್ಳುತ್ತಿದ್ದಾಗ ನನಗೂ ಲಾಗ್‌ನಲ್ಲಿ ಸಿಕ್ಕಿದ್ದು ಇದೇ ‘ಟೂ ಮೆನಿ ಓಪನ್ ಫೈಲ್ಸ್’. ಲಿಮಿಟ್ 1024 ಇದ್ದದ್ದನ್ನು 65536 ಮಾಡಿದರೆ ಸರ್ವರ್ ನಿಲ್ಲುವ ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೆ. ರೀಸ್ಟಾರ್ಟ್ ಮಾಡಿದರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ.

ಕ್ಲೋಸ್-ವೇಟ್ ಅಂದರೆ ಆಚೆ ಕಡೆಯದು ಫಿನ್ (ಕನೆಕ್ಷನ್ ಮುಗಿಸುವ ಸಂಕೇತ) ಕಳಿಸಿ ಮುಗಿಸಿದೆ, ನಮ್ಮ ಪ್ರೋಗ್ರಾಂ ಮಾತ್ರ ಇನ್ನೂ ಕ್ಲೋಸ್ ಮಾಡಿಲ್ಲ. ಹಾಗಾಗಿ ಕರ್ನಲ್‌ನ ಫಿನ್-ಟೈಮ್‌ಔಟ್ ಇಳಿಸಿ ಪ್ರಯೋಜನವಿಲ್ಲ. ಅದು ಫಿನ್-ವೇಟ್-2ರ, ಅಂದರೆ ನಾವು ಮುಚ್ಚಿ ಆಚೆಯ ಫಿನ್‌ಗೆ ಕಾಯುವ ಸ್ಥಿತಿಯ ಲೆಕ್ಕ. ಕೀಪ್‌ಅಲೈವ್ (ಆಚೆ ಕಡೆ ಇದೆಯೇ ಎಂದು ಆಗಾಗ ಕೇಳುವುದು) ಹಾಕಿದರೂ ಫೈಲ್ ಡಿಸ್ಕ್ರಿಪ್ಟರ್, ಅಂದರೆ ತೆರೆದ ಕನೆಕ್ಷನ್‌ಗೆ ಕರ್ನಲ್ ಕೊಡುವ ನಂಬರ್, ಬಿಡುಗಡೆಯಾಗುವುದಿಲ್ಲ.

ಮೊದಲು ಕನೆಕ್ಷನ್‌ಗಳ ಪಟ್ಟಿ ಕೊಡುವ ‘ಎಸ್‌ಎಸ್’ ಕಮಾಂಡ್‌ನಲ್ಲಿ ಕ್ಲೋಸ್-ವೇಟ್ ಮಾತ್ರ ಸೋಸಿ, ಪ್ರೋಸೆಸ್ ಹೆಸರಿನ ಜೊತೆ ಆಚೆಯ ಪೋರ್ಟ್ ನೋಡಿ. ನಮ್ಮಲ್ಲಿ ಎಲ್ಲವೂ 3310, ಅಂದರೆ ಕ್ಲಾಮ್‌ಎವಿ ವೈರಸ್ ಸ್ಕ್ಯಾನರ್. ರಿಸೀವ್-ಕ್ಯೂ ಕಾಲಂನಲ್ಲಿ ಸಾಲಿಗೊಂದು ‘1’. ಓದದೆ ಬಿಟ್ಟ ಆ ಒಂದು, ಫಿನ್‌ನದೇ.

ತಪ್ಪು ಇದ್ದದ್ದು ಮಿಲ್ಟರ್‌ನಲ್ಲಿ, ಅಂದರೆ ಮೇಲ್ ಸರ್ವರ್‌ಗೆ ಜೋಡಿಸಿದ ಆ ಫಿಲ್ಟರ್‌ನಲ್ಲಿ. ಸಿ ಭಾಷೆಯಲ್ಲಿ ಬರೆದ ಆ ಕೋಡ್, ಕಳಿಸುವವರ ವಿಳಾಸ ಹೇಳುವ ‘ಮೇಲ್ ಫ್ರಮ್’ ಬಂದ ಕೂಡಲೇ ಸ್ಕ್ಯಾನರ್‌ಗೆ ಕನೆಕ್ಷನ್ ತೆರೆಯುತ್ತಿತ್ತು, ಮುಚ್ಚುತ್ತಿದ್ದದ್ದು ಮೆಸೇಜ್ ಮುಗಿದಾಗ ಕರೆಯುವ ಇಒಎಂ ಕಾಲ್‌ಬ್ಯಾಕ್‌ನಲ್ಲಿ ಮಾತ್ರ. ಆದರೆ ಎಲ್ಲ ಮೆಸೇಜೂ ಮುಗಿಯುವುದಿಲ್ಲವಲ್ಲ! ಇಲ್ಲದ ವಿಳಾಸಕ್ಕೆ ಸ್ಪ್ಯಾಮರ್ ಬಂದು 550 (ತಿರಸ್ಕಾರದ ಕೋಡ್) ತಿಂದು ಹೋಗುತ್ತಾನೆ. ಮಳೆಗಾಲದಲ್ಲಿ ಬದಿಯಡ್ಕ, ಪೆರ್ಲ ಕಡೆಯ ಲೈನ್ ಅರ್ಧಕ್ಕೇ ಕಡಿಯುತ್ತದೆ. ಆಗೆಲ್ಲ ಇಒಎಂ ಬರುವುದೇ ಇಲ್ಲ, ಮೆಸೇಜ್ ಅರ್ಧಕ್ಕೆ ನಿಂತಾಗ ಕರೆಯುವ ಅಬಾರ್ಟ್ ಕಾಲ್‌ಬ್ಯಾಕ್ ಬರುತ್ತದೆ. ಅಬಾರ್ಟ್‌ನಲ್ಲಿ ಕ್ಲೋಸ್ ಇಲ್ಲದಿದ್ದರೆ, ಸ್ಕ್ಯಾನರ್ ತನ್ನ ಟೈಮ್‌ಔಟ್‌ಗೆ ಕಳಚಿಕೊಂಡ ಮೇಲೆ ನಮ್ಮ ಕಡೆಯ ತುದಿ ಹಾಗೇ ಉಳಿಯುತ್ತದೆ. ಅದೇ ಸೆಷನ್‌ನಲ್ಲಿ ಮುಂದಿನ ‘ಮೇಲ್ ಫ್ರಮ್’ ಬಂದರೆ ಕೋಡ್ ಹಳೆಯ ಡಿಸ್ಕ್ರಿಪ್ಟರ್ ನಂಬರ್ ಬರೆದಿಟ್ಟ ಜಾಗದಲ್ಲಿ ಹೊಸ ನಂಬರ್ ಕೂರುತ್ತದೆ. ಹಳೆಯದನ್ನು ಮುಚ್ಚಲು ಇನ್ನು ಯಾರಿಗೂ ಸಾಧ್ಯವಿಲ್ಲ. ಒಂದೊಂದು ಮೆಸೇಜಿಗೆಂದು ತೆರೆದದ್ದನ್ನು ಇಒಎಂ, ಅಬಾರ್ಟ್ ಎರಡರಲ್ಲೂ ಮುಚ್ಚಬೇಕು, ಮುಚ್ಚಿದ ಮೇಲೆ ನಂಬರನ್ನು -1 ಮಾಡಬೇಕು. ಇಲ್ಲವಾದರೆ ಎರಡನೇ ಸಲದ ಕ್ಲೋಸ್, ಅಷ್ಟರಲ್ಲಿ ಅದೇ ನಂಬರ್ ಪಡೆದ ಬೇರೆ ಥ್ರೆಡ್‌ನ ಕನೆಕ್ಷನ್ನನ್ನೇ ಕತ್ತರಿಸೀತು. ಇದು ಸೋರಿಕೆಗಿಂತ ಕೆಟ್ಟದ್ದು.

ಪರೀಕ್ಷೆ ಸುಲಭ. ಟೆಲ್ನೆಟ್‌ನಲ್ಲಿ 25ನೇ ಪೋರ್ಟಿಗೆ ಹೋಗಿ ಹೆಲೋ ಹೇಳಿ. ‘ಮೇಲ್ ಫ್ರಮ್’, ಅದನ್ನು ರದ್ದು ಮಾಡುವ ‘ಆರ್‌ಸೆಟ್’ ಜೋಡಿಯನ್ನು ಹತ್ತು ಸಲ ಕೊಡಿ. ಪ್ರೊಕ್ ಡೈರೆಕ್ಟರಿಯಲ್ಲಿ ಮಿಲ್ಟರ್‌ನ ಎಫ್‌ಡಿಗಳನ್ನು (ಫೈಲ್ ಡಿಸ್ಕ್ರಿಪ್ಟರ್‌ಗಳನ್ನು) ಮೊದಲೊಮ್ಮೆ, ಆಮೇಲೊಮ್ಮೆ ಎಣಿಸಿ. ಹತ್ತರ ಹತ್ತಿರ ಏರಿದ್ದರೆ ನಿಮ್ಮದೂ ಇದೇ ರೋಗ.

ಏರದಿದ್ದರೆ ಸ್ಕ್ಯಾನರ್‌ನ ಮಿತಿ ಮೀರಿದ ದೊಡ್ಡ ಅಟ್ಯಾಚ್‌ಮೆಂಟ್ ಕಳಿಸಿ ನೋಡಿ. ಎರರ್ ಬಂದ ಕೂಡಲೇ ಕ್ಲೋಸ್ ಮಾಡದೆ ರಿಟರ್ನ್ ಆಗುವ ಸಾಲು ಅಲ್ಲೆಲ್ಲೋ ಇರುತ್ತದೆ. ಅದು ಸಿಗುವ ತನಕ ಲಿಮಿಟ್ 1024ರಲ್ಲೇ ಇರಲಿ.